ನೇಪಾಳದ ಉಳಿತಾಯ ಗುಂಪಿನ ಲೆಕ್ಕಕ್ಕೆ ಕೂರುವ ಮುನ್ನ

ಬ್ಯಾಂಕಿನ ಕಂಪ್ಯೂಟರ್ ವಿಭಾಗದಿಂದ ನಿವೃತ್ತನಾದ ಮೇಲೆ ನೇಪಾಳದ ಬೆಟ್ಟದೂರುಗಳ ಮಹಿಳಾ ಉಳಿತಾಯ ಗುಂಪುಗಳಿಗೆ ಲೆಕ್ಕದ ಕಡತ ಸರಿಪಡಿಸಿಕೊಡುತ್ತಿದ್ದೇನೆ. ನಿಮಗೂ ಈ ಕೆಲಸಕ್ಕೆ ಹೊರಡುವ ಮನಸ್ಸಿದ್ದರೆ ಹೊಸ ಆ್ಯಪ್ ಬರೆಯುವ ಹುಮ್ಮಸ್ಸನ್ನು ಮನೆಯಲ್ಲೇ ಬಿಟ್ಟು ಹೊರಡಿ. ಅಲ್ಲಿ ಯಾರೂ ಅದನ್ನು ಕೇಳುವುದಿಲ್ಲ.

ಭಾರತೀಯರಿಗೆ ವೀಸಾ ಬೇಡ. ವಿಮಾನದಲ್ಲಿ ಹೋಗುವುದಾದರೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಗುರುತಿನ ಚೀಟಿ ಇರಲಿ. ದಸರೆ, ತಿಹಾರ್ (ಅಲ್ಲಿನ ದೀಪಾವಳಿ) ಮುಗಿದ ಮೇಲೆ, ನವೆಂಬರ್‌ನಲ್ಲಿ ಹೋಗುವುದು ಮೇಲು. ಜುಲೈ ಮಧ್ಯದಲ್ಲಿ ಅಲ್ಲಿನ ಆರ್ಥಿಕ ವರ್ಷ ಮುಗಿಯುತ್ತದೆ, ಜೊತೆಗೆ ಮಳೆಗೆ ರಸ್ತೆ ಕುಸಿಯುತ್ತದೆ. ಕೆಲಸವೇನು, ಊಟ ವಸತಿ ಯಾರ ಖರ್ಚು ಎಂಬುದನ್ನು ಗುಂಪಿನವರೊಂದಿಗೆ ಮೊದಲೇ ಮಾತನಾಡಿಕೊಳ್ಳಿ. ರಿಜಿಸ್ಟರಿನ ಒಂದು ಪುಟದ ಫೋಟೊವನ್ನು, ಹೆಸರುಗಳನ್ನು ಮುಚ್ಚಿ, ತರಿಸಿಕೊಂಡು ನೋಡಿ.

ಆ ಪುಟದಲ್ಲೇ ಮೊದಲ ತೊಡಕು ಸಿಗುತ್ತದೆ: ದಿನಾಂಕ. ನೇಪಾಳದಲ್ಲಿ ವ್ಯವಹಾರವೆಲ್ಲ ವಿಕ್ರಮ ಶಕೆಯ ಪಂಚಾಂಗದಲ್ಲಿ. 2025ರ ಏಪ್ರಿಲ್ 14ರಂದು ಅಲ್ಲಿ 2082 ಶುರುವಾಯಿತು. ತಿಂಗಳಿಗೆ 29ರಿಂದ 32 ದಿನ. ಯಾವ ವರ್ಷ ಯಾವ ತಿಂಗಳಿಗೆ ಎಷ್ಟೆಂದು ಪಂಚಾಂಗದ ಪಟ್ಟಿ ನೋಡಿಯೇ ಹೇಳಬೇಕು. ಲೆಕ್ಕ ತುಂಬಿಸುವ ಎಕ್ಸೆಲ್‌ಗೆ ಇದೊಂದೂ ಗೊತ್ತಿಲ್ಲ. ಎರಡನೆಯ ತಿಂಗಳಾದ ಜ್ಯೇಷ್ಠದ 20ನೇ ತಾರೀಖನ್ನು 2082-02-20 ಎಂದು ಹಾಕಿದರೆ ಅದನ್ನು ಕ್ರಿಸ್ತಶಕ 2082ರ ಫೆಬ್ರವರಿ ಎಂದುಕೊಂಡು ತೆಪ್ಪಗಿರುತ್ತದೆ. ಜ್ಯೇಷ್ಠ 31 ಹಾಕಿದರೆ ಮಾತ್ರ ಅದು ಬರೀ ಪಠ್ಯವಾಗಿ ಕೋಶದ ಎಡಕ್ಕೆ ಅಂಟಿಕೊಳ್ಳುತ್ತದೆ. ಒಂದೇ ಕಾಲಮ್ಮಿನಲ್ಲಿ ಕೆಲವು ಬಲಕ್ಕೆ, ಕೆಲವು ಎಡಕ್ಕೆ ಕಂಡರೆ ಕಾರಣ ಇದೇ. ಟೈಪ್ ಮಾಡುವ ಮೊದಲೇ ಇಡೀ ಕಾಲಮ್ಮನ್ನು ಪಠ್ಯವೆಂದು ಗುರುತು ಮಾಡಿ, ವರ್ಷ-ತಿಂಗಳು-ದಿನ ಎಂಬ ಕ್ರಮದಲ್ಲಿ, ತಿಂಗಳಿಗೂ ದಿನಕ್ಕೂ ಎರಡೆರಡು ಅಂಕಿ ಇರುವಂತೆ ಬರೆಯಿಸಿ. ತಿಂಗಳ ಲೆಕ್ಕದ ಬಡ್ಡಿಗೆ ಇಷ್ಟು ಸಾಕು. ದಿನದ ಬಡ್ಡಿಯಾದರೆ ಮಾತ್ರ ಪರಿವರ್ತನೆಯ ಕೋಷ್ಟಕ ಜೋಡಿಸಿ.

ಎರಡನೆಯ ತೊಡಕು ನೇಪಾಳಿ ಬರೆಯಲು ಬಳಸುವ ‘ಪ್ರೀತಿ’ ಎಂಬ ಫಾಂಟ್. ‘ನುಡಿ’ ತಂತ್ರಾಂಶದ ಹಳೆಯ ಕಡತಗಳೊಂದಿಗೆ ಗುದ್ದಾಡಿದ ಕನ್ನಡಿಗರಿಗೆ ಈ ರೋಗದ ಪರಿಚಯವಿದೆ: ಫಾಂಟ್ ತೆಗೆದರೆ ಬರಹವೆಲ್ಲ ಕಲಸುಮೇಲೋಗರ. ಅಂಕಿಗಳ ಗತಿ ಇನ್ನೂ ಕೆಟ್ಟದ್ದು. ಪರದೆಯ ಮೇಲೆ ಐನೂರು ಎಂದು ಕಾಣುವುದು ಕಡತದೊಳಗೆ ಒಂದು ಶೇಕಡಾ ಚಿಹ್ನೆ, ಎರಡು ಆವರಣ ಚಿಹ್ನೆ! ಮೊತ್ತ ಕೂಡಿಸಿದರೆ ಸೊನ್ನೆ. ಹಣದ ಕಾಲಮ್ಮನ್ನು ಸಾಮಾನ್ಯ ಅಂಕಿಗಳಲ್ಲಿ ಮತ್ತೆ ತುಂಬಿಸಿ, ಹೆಸರುಗಳನ್ನು ಯಾವ ಕಂಪ್ಯೂಟರಿನಲ್ಲೂ ಸರಿಯಾಗಿ ಕಾಣುವ ಯೂನಿಕೋಡ್‌ಗೆ ಬದಲಿಸಿ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ; ಆದರೆ ರೇಫವೂ (ನಮ್ಮ ಅರ್ಕಾವತ್ತಿನಂಥದ್ದು) ಹ್ರಸ್ವ ಇಕಾರವೂ ಜಾಗ ತಪ್ಪಿರಬಹುದು. ಹಾಗಾಗಿ ಪಟ್ಟಿಯನ್ನು ಖಜಾಂಚಿ ದಿದಿಯಿಂದ (ದಿದಿ ಎಂದರೆ ಅಕ್ಕ) ಗಟ್ಟಿಯಾಗಿ ಓದಿಸಿ. ಸದಸ್ಯರ ಹೆಸರು ಅವರಿಗೆ ಬಾಯಿಪಾಠ, ನಮಗಲ್ಲ.

ಕಾಗದದ ರಿಜಿಸ್ಟರ್ ನಿಲ್ಲಿಸಿ ಎಂದು ಮಾತ್ರ ಹೇಳಬೇಡಿ. ಕರೆಂಟು ಹೋದಾಗ ಅದೇ ಗತಿ. ತಿಂಗಳ ಸಭೆಗೆ ನೀವಿದ್ದರೆ ಕೀಲಿಮಣೆ ಮುಟ್ಟದೆ ಪಕ್ಕದಲ್ಲಿ ಕುಳಿತುಕೊಳ್ಳಿ. ದಿದಿ ಎಲ್ಲಿ ತಡವರಿಸಿದರೋ ಅಷ್ಟನ್ನೇ ನೇಪಾಳಿಯಲ್ಲಿ ಒಂದು ಹಾಳೆಗೆ ಬರೆಸಿ ಗೋಡೆಗೆ ಅಂಟಿಸಿ. ಪಾಸ್‌ವರ್ಡ್ ಇಬ್ಬರು ಸದಸ್ಯರ ಬಳಿ ಇರಲಿ, ನಿಮ್ಮ ಬಳಿ ಬೇಡ.