ಹೊಟ್ಟೆ ತೊಳಸುವ ಮೊದಲೇ: ಡೈವಿಂಗ್ ಬೋಟಿನಲ್ಲಿ ಒಂದು ವಾರ

ಚಾರ್ಮಾಡಿ ಘಾಟಿ ಬಂದರೆ ಬಸ್ಸಿನ ಕಿಟಕಿಗೆ ತಲೆ ಆನಿಸಿ, ನಿಂಬೆಹಣ್ಣು ಮೂಸುತ್ತಾ ಕೂರುವವರ ಪೈಕಿ ನಾನು. ಹೀಗಿದ್ದೂ ಮಾಲ್ಡೀವ್ಸ್‌ಗೆ ಹೋಗಿ, ಸಫಾರಿ ಬೋಟಿನಲ್ಲೇ ಉಂಡು ಮಲಗಿ, ದಿನಕ್ಕೆ ಮೂರು ಸಲ ಸ್ಕೂಬಾ ಡೈವ್ ಮಾಡುವ ಆಸೆ! ಮೊದಲ ರಾತ್ರಿ ತಲೆ ಸುತ್ತಿದ ಮೇಲೆ ಮಾತ್ರೆ ನುಂಗಿದೆ. ಐದೇ ನಿಮಿಷ. ಮಾತ್ರೆ, ಊಟ ಎರಡೂ ಸಮುದ್ರದ ಪಾಲು. ವಾಕರಿಕೆ ಶುರುವಾದ ಮೇಲೆ ಮಾಡುವುದೆಲ್ಲ ಹೆಚ್ಚುಕಡಿಮೆ ದಂಡ.

ತಿಂಗಳು, ದಾರಿ ನೋಡಿ

ನಮಗೆ ಮುಂಗಾರು ತರುವ ನೈರುತ್ಯದ ಗಾಳಿಯೇ ಅಲ್ಲೂ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಬೀಸುತ್ತದೆ. ಅಲ್ಲಿಯವರು ಅದನ್ನು ‘ಹುಲ್ಹಂಗು’ ಅನ್ನುತ್ತಾರೆ. ಮೊದಲ ಸಲ ಹೋಗುವವರಿಗೆ ಜನವರಿಯಿಂದ ಏಪ್ರಿಲ್ ವಾಸಿ. ಹವಳದ ದ್ವೀಪಗಳ ಉಂಗುರದ (ಅಟಾಲ್) ಒಳಗೆ ನೀರು ಸಾಮಾನ್ಯವಾಗಿ ಶಾಂತ. ಒಂದು ಅಟಾಲ್‌ನಿಂದ ಇನ್ನೊಂದಕ್ಕೆ ದಾಟುವಾಗಲೇ ಕುಲುಕಾಟ ಜಾಸ್ತಿ. ಹಾಗಾಗಿ ದಿನಾ ಬೆಳಿಗ್ಗೆ ಕ್ಯಾಪ್ಟನ್‌ರನ್ನು ಕೇಳಿ: ಇವತ್ತು ಎಷ್ಟು ಹೊತ್ತಿಗೆ ದಾಟುತ್ತೇವೆ? ನಿಮ್ಮ ಮಾತ್ರೆಯ ಗಂಟೆ ಲೆಕ್ಕ ಹಾಕಬೇಕಾದದ್ದು ಅದರಿಂದಲೇ.

ಕ್ಯಾಬಿನ್ ಕೆಳಗಿನ ಅಂತಸ್ತಿನಲ್ಲಿ, ನಡುವಿನಲ್ಲಿ ಇರಲಿ. ಬಸ್ಸಿನ ಕೊನೇ ಸೀಟು ಎತ್ತಿ ಹಾಕುತ್ತೆ, ನಡುವಿನದು ಅಷ್ಟಿಲ್ಲ ಅಲ್ವಾ? ಇಲ್ಲೂ ಅದೇ ಲೆಕ್ಕ.

ಮಾತ್ರೆ ಮನೆಯಲ್ಲೇ ಪರೀಕ್ಷಿಸಿ

ಘಾಟಿ ಹತ್ತುವಾಗ ನುಂಗುವ ಅವೋಮಿನ್‌ನಂಥವು ನಿದ್ದೆ ಬರಿಸುತ್ತವೆ. ಬಸ್ಸಿನಲ್ಲಿ ತೂಕಡಿಸಿದರೆ ನಡೆಯುತ್ತೆ, 25 ಮೀಟರ್ ಆಳದಲ್ಲಿ ನಡೆಯಲ್ಲ. ಯಾವ ಮಾತ್ರೆ, ಎಷ್ಟು ಅನ್ನುವುದನ್ನು ಡೈವ್ ಮಾಡುತ್ತೇನೆಂದು ಹೇಳಿಯೇ ಡಾಕ್ಟರನ್ನು ಕೇಳಿ. ರಜೆಯ ದಿನ ಮನೆಯಲ್ಲಿ ಒಂದು ತೆಗೆದುಕೊಂಡು ನೋಡಿ. ಬೋಟಿನಲ್ಲಿ ಹೊರಡುವ ಒಂದು ಗಂಟೆ ಮೊದಲು ನುಂಗಿ.

ಹೊಟ್ಟೆ ಖಾಲಿ ಬಿಡಬೇಡಿ. ಬೆಳಗಿನ ಡೈವ್‌ಗೆ ಮುಂಚೆ ರಸ್ಕ್, ಬಾಳೆಹಣ್ಣು ಸಾಕು. ನಾನು ಊರಿಂದ ಒಗ್ಗರಣೆ ಹಾಕಿದ ಒಣ ಅವಲಕ್ಕಿ ಒಯ್ದಿದ್ದೆ, ಮೂರನೇ ದಿನಕ್ಕೆ ಬೋಟಿನವರೆಲ್ಲ ಸೇರಿ ಖಾಲಿ ಮಾಡಿದರು. ಓಆರ್‌ಎಸ್ ಪೊಟ್ಟಣ ಇರಲಿ. ವಾಂತಿಯಾಗಿ ಮೈಯಲ್ಲಿ ನೀರು ಕಡಿಮೆಯಾದರೆ ಡಿಕಂಪ್ರೆಶನ್ ತೊಂದರೆಯ (ಆಳದಿಂದ ಮೇಲೆ ಬರುವಾಗ ಮೈಯೊಳಗೆ ಗಾಳಿಗುಳ್ಳೆ ಏಳುವುದು) ಅಪಾಯ ಹೆಚ್ಚುತ್ತದೆ.

ಬಾಯಲ್ಲಿ ನೀರೂರಿ, ತಣ್ಣನೆ ಬೆವರು ಬಂತೇ?

ಕ್ಯಾಬಿನ್ ಬಿಟ್ಟು ಮೇಲೆ ಬನ್ನಿ. ಒಳಕಿವಿ ‘ಅಲುಗಾಡುತ್ತಿದ್ದೇವೆ’ ಅನ್ನುತ್ತದೆ, ಕಣ್ಣು ‘ಗೋಡೆ ನಿಂತೇ ಇದೆ’ ಅನ್ನುತ್ತದೆ. ಈ ಜಗಳದ ಫಲವೇ ವಾಕರಿಕೆ. ಬಾನು ಕಡಲು ಕೂಡುವ ಗೆರೆ ನೋಡುತ್ತಾ ಕೂತರೆ ಜಗಳ ತಣ್ಣಗಾಗುತ್ತದೆ. ಮೊಬೈಲ್ ಮುಟ್ಟಬೇಡಿ. ವಾಂತಿ ಬಂದೇ ಬಂದರೆ ಗಾಳಿ ಬೆನ್ನಿಗೆ ಬೀಸುವ ಕಡೆಯ ಕಂಬಿ ಹಿಡಿಯಿರಿ. ಎದುರು ಗಾಳಿಗೆ ಮಾಡಿದರೆ ಏನಾಗುತ್ತೆಂದು ಬೇರೆ ಹೇಳಬೇಕೇ? ರಾತ್ರಿಯಾದರೆ ಯಾರನ್ನಾದರೂ ಎಬ್ಬಿಸಿ, ಒಬ್ಬರೇ ಹೋಗಬೇಡಿ.

ದೋಣಿಯ ಮೇಲೆ

ಡೈವ್ ಮಾಡುವ ಜಾಗಕ್ಕೆ ಕರೆದೊಯ್ಯುವುದು ಜೊತೆಗೇ ಬರುವ ಸಣ್ಣ ಬೋಟು. ಅದಕ್ಕೆ ಅವರ ಭಾಷೆಯಲ್ಲೂ ‘ಧೋನಿ’ ಅಂತಲೇ ಹೆಸರು! ನನಗೆ ಅತಿ ಕಷ್ಟವಾದದ್ದು ಇಲ್ಲೇ. ಮೈಗಂಟುವ ಡೈವಿಂಗ್ ಉಡುಪು ವೆಟ್‌ಸೂಟ್‌ನ ಸೆಕೆ, ಡೀಸೆಲ್ ಹೊಗೆ, ಬೆನ್ನಿಗೆ ಸಿಲಿಂಡರ್ ಭಾರ. ಇಷ್ಟರ ಜೊತೆ ಫಿನ್ (ಕಾಲಿಗೆ ಹಾಕುವ ಈಜುರೆಕ್ಕೆ) ಹಾಕಲು ಬಗ್ಗಿದಿರೋ, ಮುಗೀತು. ಗೇರನ್ನು ಹೊರಡುವ ಮೊದಲೇ ಜೋಡಿಸಿಡಿ. ವೆಟ್‌ಸೂಟ್ ಜಿಪ್ ಕೊನೆಗೆ ಎಳೆಯಿರಿ. ತಲೆ ಎತ್ತಿ ಕೂತು, ಫಿನ್ ಹಾಕಲು ಹುಡುಗರನ್ನು ಕೇಳಿ. ನಾಚಿಕೆ ಯಾಕೆ?

ಹತ್ತು ಮೀಟರ್ ಇಳಿದರೆ ಸಾಮಾನ್ಯವಾಗಿ ತೂಗಾಟ ಕಡಿಮೆಯಾಗುತ್ತದೆ. ಅಲ್ಲೂ ವಾಂತಿ ಬಂದರೆ ಜೊತೆಗಾರರಿಗೆ ಸನ್ನೆ ಮಾಡಿ. ಬಾಯಲ್ಲಿ ಕಚ್ಚಿದ, ಉಸಿರಿಗೆ ಗಾಳಿ ಕೊಡುವ ರೆಗ್ಯುಲೇಟರ್ ತೆಗೆಯಬೇಡಿ, ಕೈಯಿಂದ ಒತ್ತಿಹಿಡಿದು ಅದರೊಳಗೇ ಮಾಡಿ. ಅದರ ಮುಂದಿರುವ, ಗಾಳಿ ನುಗ್ಗಿಸುವ ಪರ್ಜ್ ಬಟನ್ ಒತ್ತಿ ತೊಳೆದು, ಆಮೇಲೆ ಮೆಲ್ಲಗೆ ಉಸಿರೆಳೆಯಿರಿ. ಕಟ್ಟಿಕೊಂಡರೆ ಆಕ್ಟೋಪಸ್, ಅಂದರೆ ಬದಲಿ ರೆಗ್ಯುಲೇಟರ್, ಹಿಡಿಯಿರಿ. ಉಸಿರು ಬಿಗಿಹಿಡಿದು ಮೇಲಕ್ಕೆ ನುಗ್ಗುವುದು ಮಾತ್ರ ಬೇಡವೇ ಬೇಡ.

ಹತ್ತುವಾಗ ಏಣಿ ಅಲೆಯೊಂದಿಗೆ ಎದ್ದು ಬೀಳುತ್ತಿರುತ್ತದೆ. ಮೇಲೊಬ್ಬರು ಹತ್ತುತ್ತಿದ್ದರೆ ಅವರ ಕೆಳಗೆ ನಿಲ್ಲಬೇಡಿ, ಸಿಲಿಂಡರ್ ಸಮೇತ ತಲೆ ಮೇಲೆ ಬಿದ್ದಾರು. ಹಿಂದಿನ ರಾತ್ರಿಯೆಲ್ಲ ವಾಂತಿಯಾಗಿದ್ದರೆ ಆ ಡೈವ್ ಬಿಡಿ. ದುಡ್ಡು ಕೊಟ್ಟಿದ್ದೇವೆಂದು ಇಳಿಯುವುದು ದಡ್ಡತನ.

ಎರಡು ಮೂರು ದಿನಕ್ಕೆ ಹೆಚ್ಚಿನವರಿಗೆ ಮೈ ಒಗ್ಗುತ್ತದೆ. ತಮಾಷೆ ಅಂದರೆ, ಊರಿಗೆ ಬಂದ ಮೇಲೆ ನೆಲವೇ ತೂಗತೊಡಗುತ್ತದೆ. ಒಂದೆರಡು ದಿನ ತಲೆಗೆ ನೀರು ಹಾಕಿಕೊಳ್ಳುವಾಗ ಬಚ್ಚಲಿನ ಗೋಡೆ ಹಿಡಿದುಕೊಳ್ಳಿ.