ಸುದ್ದಿಯಲ್ಲಿ ಪಕ್ಷಪಾತ ಇದೆಯಾ? ಪದ ಎಣಿಸಿ ನೋಡಿ

ಮೊಹರಂ ಬಂದರೆ ಧಾರವಾಡ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಹಿಂದೂಗಳೂ ಅಲಾಯಿ ದೇವರಿಗೆ ಸಕ್ಕರೆ ಓದಿಸುತ್ತಾರೆ. ಮರುದಿನದ ಪತ್ರಿಕೆಯಲ್ಲಿ ಆ ಹಬ್ಬದ ಪಕ್ಕ ಯಾವ ಪದ ಕೂತಿರುತ್ತದೆ? 'ಭಾವೈಕ್ಯ'ವೋ, 'ಬಿಗಿ ಬಂದೋಬಸ್ತ್' ಎಂಬುದೋ? ಒಂದೇ ತಲೆಬರಹ ಓದಿ ಸಿಟ್ಟಾದರೆ ಉತ್ತರ ಸಿಗಲ್ಲ. ಎಣಿಸಬೇಕು.

ಬ್ರಿಟನ್ನಿನಲ್ಲಿ ಭಾಷಾವಿಜ್ಞಾನಿ ಪಾಲ್ ಬೇಕರ್ ಮತ್ತು ಸಂಗಡಿಗರು ಇಸ್ಲಾಂ ಬಗ್ಗೆ 1998ರಿಂದ 2009ರವರೆಗೆ ಅಲ್ಲಿನ ಪತ್ರಿಕೆಗಳಲ್ಲಿ ಬಂದ ಸುಮಾರು 14.3 ಕೋಟಿ ಪದಗಳನ್ನು ಹೀಗೇ ಜಾಲಾಡಿದರು. ಸಂಘರ್ಷದ ಪದಗಳೇ ಎದ್ದು ಕಂಡವು. ನಮಗೆ ಹುಬ್ಬಳ್ಳಿ-ಧಾರವಾಡ ಆವೃತ್ತಿಗಳ ಒಂದು ವರ್ಷದ ಸುದ್ದಿ ಸಾಕು.

ಮೊದಲು ಸುದ್ದಿ ಕೂಡಿಸಿ. ನಿಮಗೆ ಸಿಟ್ಟು ಬರಿಸಿದವನ್ನಷ್ಟೇ ಆರಿಸಬೇಡಿ, ಎಲ್ಲ ಧರ್ಮದವರ ಸುದ್ದಿಯೂ ಇರಲಿ. ಒಂದೊಂದನ್ನೂ ಯುನಿಕೋಡ್ ಟೆಕ್ಸ್ಟ್ ಫೈಲ್ ಮಾಡಿ ಇಡಿ. ಹಳೆಯ ನುಡಿ ಫಾಂಟಿನಲ್ಲಿದ್ದರೆ ಯುನಿಕೋಡಿಗೆ ಬದಲಿಸಿಕೊಳ್ಳಿ.

ಆಮೇಲೆ ಪದ ಹುಡುಕಿ ಎಣಿಸಿಕೊಡುವ ಆಂಟ್‌ಕಾಂಕ್ (AntConc) ಎಂಬ ಉಚಿತ ತಂತ್ರಾಂಶಕ್ಕೆ ಹಾಕಿ. ಅದರ ಸೆಟ್ಟಿಂಗ್‌ನಲ್ಲಿ ಅಕ್ಷರಗಳ ಜೊತೆ 'ಮಾರ್ಕ್' ಕೂಡ ಸೇರಿಸಿ. ಇಲ್ಲದಿದ್ದರೆ ಕಾಗುಣಿತ ಒಡೆದು ಪದಗಳು ಚೂರಾಗುತ್ತವೆ.

ಹುಡುಕುವಾಗ ಕನ್ನಡದ ಪ್ರತ್ಯಯಗಳ ಮೇಲೆ ಕಣ್ಣಿರಲಿ. 'ಮುಸ್ಲಿ*' ಎಂದು ಕೊಟ್ಟರೆ ಮುಸ್ಲಿಂ, ಮುಸ್ಲಿಮರು, ಮುಸ್ಲಿಮರಿಗೆ ಎಲ್ಲವೂ ಬರುತ್ತವೆ. ಆದರೆ ದೀರ್ಘ ಹಾಕಿ 'ಮುಸ್ಲೀಂ' ಎಂದು ಬರೆದದ್ದು ತಪ್ಪಿಸಿಕೊಳ್ಳುತ್ತದೆ. ಅದನ್ನು ಬೇರೆಯಾಗಿಯೇ ಹುಡುಕಿ. ಕ್ರೈಸ್ತ ಅಂತ ಹುಡುಕಿದ ಮೇಲೆ ಕ್ರಿಶ್ಚಿಯನ್ ಅಂತಲೂ ಹುಡುಕಿ. ಮುಖ್ಯವಾಗಿ, 'ಅನ್ಯಕೋಮಿನ ಯುವಕ' ಬಿಡಬೇಡಿ. ಅದರಲ್ಲಿ ಧರ್ಮದ ಹೆಸರೇ ಇಲ್ಲ, ಆದರೂ ಓದುಗರಿಗೆಲ್ಲ ಗೊತ್ತಾಗುತ್ತದೆ. 'ಅನ್ಯ' ಅಂದರೆ ಯಾರಿಗೆ ಅನ್ಯ? ಬರೆದವರು ಓದುಗರೆಲ್ಲ ಒಂದೇ ಕೋಮಿನವರು ಅಂದುಕೊಂಡಿದ್ದಾರೆ ಅಲ್ವಾ?

ಈಗ 'ಮೆರವಣಿಗೆ*' ಹುಡುಕಿ. ಗಣೇಶನದು, ಈದ್ ಮಿಲಾದ್‌ನದು, ಬಸವ ಜಯಂತಿಯದು ಬೇರೆ ಬೇರೆ ಮಾಡಿ. ಎಡಬಲದ ಐದೈದು ಪದ ನೋಡಿ: ಸಡಗರ, ಭಕ್ತಿ, ಶಾಂತಿಯುತ, ಬಂದೋಬಸ್ತ್. 'ಶಾಂತಿಯುತ' ಕೇಳಲು ಒಳ್ಳೆಯ ಪದವೇ. ಆದರೆ ಒಂದೇ ಹಬ್ಬಕ್ಕೆ ಮತ್ತೆ ಮತ್ತೆ ಅಂಟಿದರೆ, ಗಲಾಟೆ ಆಗುತ್ತೆ ಅಂತಲೇ ಕಾದಿದ್ದರು ಎಂಬ ಅರ್ಥ ಕೊಡುತ್ತದೆ.

ಬರೀ ಎಣಿಕೆ ಹೋಲಿಸಬೇಡಿ. ಗಣೇಶನ ಸುದ್ದಿಯೇ ಜಾಸ್ತಿ ಇದ್ದರೆ ಅಲ್ಲಿ ಪ್ರತಿ ಪದವೂ ಜಾಸ್ತಿ. ಸಾವಿರ ಪದಕ್ಕೆ ಎಷ್ಟು ಸಲ ಅಂತ ಲೆಕ್ಕ ಹಾಕಿ.

ಕೊನೆಗೆ ಹುಡುಕಿದಾಗ ಸಿಕ್ಕ ಸಾಲುಗಳಿಗೆ ಒಳ್ಳೆಯದು, ಕೆಟ್ಟದ್ದು, ಎರಡೂ ಅಲ್ಲ ಎಂದು ನೀವು ಗುರುತು ಹಾಕಿ. ಬೇರೆ ಧರ್ಮದ ಒಬ್ಬ ಗೆಳೆಯರನ್ನು ಕರೆದು ಅದೇ ಸಾಲುಗಳಿಗೆ ಗುರುತು ಹಾಕಲು ಹೇಳಿ. ನಿಮ್ಮ ಗುರುತು ತೋರಿಸಬೇಡಿ. ಇಬ್ಬರದೂ ಎಲ್ಲೆಲ್ಲಿ ಬೇರೆ ಬಂತೋ, ಆ ಸುದ್ದಿಗಳನ್ನು ಜೊತೆಗೆ ಕೂತು ಪೂರ್ತಿ ಓದಿ.