ಮಳೆಗಾಲದ ಕುಂಡ ಮತ್ತು ನೊರಜು: ನೋಡಬೇಕಾದ್ದು ಮೇಲಿನ ಎರಡು ಇಂಚು ಮಣ್ಣು

ಕುಂಡ ಅಲುಗಾಡಿಸಿದೊಡನೆ ಮಣ್ಣಿನಿಂದ ಎದ್ದು ಹಾರುವ ಕಪ್ಪು ನೊರಜು ಗಿಡವನ್ನು ತಿನ್ನುವುದಿಲ್ಲ. ತಿನ್ನುವುದು ಮೇಲಿನ ಎರಡು ಇಂಚು ಮಣ್ಣಿನಲ್ಲಿರುವ ಅದರ ಮರಿಹುಳು. ಗಾಜಿನಂಥ ಮೈ, ಹೊಳೆಯುವ ಕರಿ ತಲೆ, ಉದ್ದ ಅರ್ಧ ಸೆಂಟಿಮೀಟರು. ಬಲಿತ ಆಂಥೂರಿಯಂ ಇದನ್ನು ತಾಳಿಕೊಳ್ಳುತ್ತದೆ. ಪಾಲಿಥೀನ್ ಚೀಲದಲ್ಲಿ ಆಗತಾನೇ ಬೇರು ಬಿಡುತ್ತಿರುವ ಕರಿಮೆಣಸಿನ ಬಳ್ಳಿ ತಾಳಲಾರದು. ಎಳೆಬೇರು ಹೋಗುತ್ತದೆ, ಗಾಯದಲ್ಲಿ ಕೊಳೆರೋಗ ಹೊಕ್ಕುತ್ತದೆ.

ಹುಳು ಇದೆಯೇ ಎಂದು ತಿಳಿಯಲು ಒಂದು ಸೆಂಟಿಮೀಟರು ದಪ್ಪದ ಆಲೂಗಡ್ಡೆ ಬಿಲ್ಲೆಯನ್ನು ಮಣ್ಣಿಗೆ ಒತ್ತಿಡಿ. ಎರಡು ದಿನ ಬಿಟ್ಟು ಮಗುಚಿದರೆ ಹುಳು ಅಡಿಯಲ್ಲಿ ಸೇರಿರುತ್ತದೆ. ಬಿಲ್ಲೆಯನ್ನು ಎಸೆದುಬಿಡಿ, ಕೊಳೆಯಲು ಬಿಟ್ಟರೆ ಅದೇ ಅವಕ್ಕೆ ಊಟ. ಚಂಗನೆ ನೆಗೆಯುವ ಸಣ್ಣ ಬಿಳಿ ಹುಳ ಕಂಡರೆ ಅದು ಬೇರೆ ಜಾತಿ, ನಿರುಪದ್ರವಿ.

ಬೇರೆ ಊರಿನವರು ‘ಮಣ್ಣು ಒಣಗಿಸಿ’ ಎಂದು ಸುಲಭವಾಗಿ ಹೇಳುತ್ತಾರೆ. ಕೊಡಗಿನ ಕಕ್ಕಡ (ಜುಲೈ-ಆಗಸ್ಟ್) ಮಳೆಯಲ್ಲಿ ಮಣ್ಣು ತಾನಾಗಿ ಒಣಗುವುದೇ ಇಲ್ಲ. ಆದ್ದರಿಂದ ಕುಂಡಗಳನ್ನು ಎರಚಲು ಬೀಳದ, ಗಾಳಿಯಾಡುವ ಜಗಲಿಗೆ ತನ್ನಿ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ಬೆರಳನ್ನು ಒಂದು ಇಂಚು ಇಳಿಸಿ, ಅಲ್ಲಿಯವರೆಗೆ ಒಣಗಿದ್ದರೆ ಮಾತ್ರ ನೀರು ಕೊಡಿ. ಅದೂ ತಳದಿಂದ: ಕುಂಡವನ್ನು ಅರ್ಧ ಗಂಟೆ ನೀರಿನ ತಟ್ಟೆಯಲ್ಲಿಟ್ಟು ತೆಗೆಯಿರಿ.

ಮೇಲೆ ಎರಡು ಸೆಂಟಿಮೀಟರು ತೊಳೆದ ದಪ್ಪ ಮರಳು ಹರಡಿದರೆ ಮೊಟ್ಟೆಯಿಡಲು ಹಸಿ ಜಾಗ ಸಿಗುವುದಿಲ್ಲ. ನುಣ್ಣನೆಯ ಮರಳು ಬೇಡ, ಹೆಪ್ಪುಗಟ್ಟುತ್ತದೆ. ಮರಳು ಹಾಕಿದ ಮೇಲೆ ಬೆರಳಿನ ಪರೀಕ್ಷೆ ನಡೆಯದು. ಕುಂಡ ಎತ್ತಿ ಭಾರ ನೋಡಿ.

ಹಳದಿ ಅಂಟು ಹಾಳೆಯನ್ನು ಮಣ್ಣಿನ ಮಟ್ಟದಲ್ಲೇ ಇಡಿ. ಅದು ಹಾರುವವನ್ನಷ್ಟೇ ಹಿಡಿಯುತ್ತದೆ, ಆದರೆ ಸಂಖ್ಯೆ ಇಳಿಯುತ್ತಿದೆಯೇ ಎಂದು ತೋರಿಸುತ್ತದೆ.

ಹುಳು ಹೆಚ್ಚಿದ್ದರೆ, ಅದನ್ನು ಕೊಲ್ಲುವ ಬಿಟಿಐ (ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್) ಬ್ಯಾಕ್ಟೀರಿಯಾದ ಪುಡಿ ಅಥವಾ ದ್ರಾವಣವನ್ನು ಪೊಟ್ಟಣದ ಮೇಲಿನ ಪ್ರಮಾಣದಲ್ಲಿ ಮಣ್ಣಿಗೆ ಸುರಿಯಿರಿ. ಅಂಗಡಿಯಲ್ಲಿ ಕೇಳುವಾಗ ಎಚ್ಚರ: ಸೊಳ್ಳೆ ಮರಿಗೆ ಬಳಸುವ ‘ಇಸ್ರೇಲೆನ್ಸಿಸ್’ ತಳಿಯೇ ಬೇಕು. ಎಲೆ ತಿನ್ನುವ ಕಂಬಳಿಹುಳಕ್ಕೆ ಕೊಡುವ ‘ಕುರ್ಸ್ಟಾಕಿ’ ತಳಿಯಿಂದ ಇಲ್ಲಿ ಪ್ರಯೋಜನವಿಲ್ಲ. ಬಿಟಿಐ ಮೊಟ್ಟೆಯನ್ನೂ ಕೋಶಾವಸ್ಥೆಯ (ಪ್ಯೂಪಾ) ಹುಳುವನ್ನೂ ಮುಟ್ಟುವುದಿಲ್ಲವಾದ್ದರಿಂದ ವಾರಕ್ಕೊಮ್ಮೆಯಂತೆ ನಾಲ್ಕೈದು ವಾರ ಬಿಡದೆ ಹಾಕಬೇಕು. ಮೊಟ್ಟೆಯಿಂದ ನೊರಜಾಗಲು ಮೂರು-ನಾಲ್ಕು ವಾರ, ತಂಪಿನಲ್ಲಿ ಇನ್ನೂ ನಿಧಾನ. ಎರಡನೇ ವಾರಕ್ಕೇ ನಿಲ್ಲಿಸುವುದರಿಂದಲೇ ಹೆಚ್ಚಿನವರಿಗೆ ಇದು ಮರಳಿ ಬರುತ್ತದೆ.

ಮುಂದಿನ ವರ್ಷದ ಮಿಶ್ರಣಕ್ಕೆ ಅರೆ ಕೊಳೆತ ಕಾಫಿ ಸಿಪ್ಪೆ, ಹಸಿ ಸಗಣಿ ಹಾಕಲೇಬೇಡಿ. ಬೂಷ್ಟು ಬೆಳೆದಲ್ಲಿ ನೊರಜು ಬರುತ್ತದೆ. ಮಣ್ಣಿನ ವಾಸನೆ ಬಿಟ್ಟು ಬೇರೆ ವಾಸನೆ ಇಲ್ಲದಷ್ಟು ಕಳಿತ ಗೊಬ್ಬರವನ್ನೇ ಬೆರೆಸಿ.